ಫಿಲ್ಟರ್ ತೊಳೆದರೆ ಸರ್ವಿಸ್ ಆಗಲ್ಲ: ಮಳೆಗಾಲಕ್ಕೆ ಮೊದಲು ಫ್ಯಾನ್ ಕಾಯಿಲ್ ಯೂನಿಟ್ ಕೆಲಸ

ಮಂಗಳೂರಿನ ಒಂದು ಹೋಟೆಲ್‌ನಲ್ಲಿ ಎಸಿ ಮೇಂಟೆನೆನ್ಸ್ ನನ್ನ ಕೆಲಸ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ರೂಮುಗಳ ಫ್ಯಾನ್ ಕಾಯಿಲ್ ಯೂನಿಟ್‌ಗಳನ್ನು (ಎಫ್‌ಸಿಯು) ಒಂದು ಸುತ್ತು ಬಿಚ್ಚಿ ನೋಡುವುದು ನಮ್ಮ ಪದ್ಧತಿ. ಜೂನ್ ಬಂದ ಮೇಲೆ ಬಿಚ್ಚಿದರೆ ಕಷ್ಟ. ಆಗ ಗಾಳಿಯಲ್ಲೇ ನೀರು ತುಂಬಿರುತ್ತದೆ, ಅಂಟು ಹಿಡಿಯಲ್ಲ, ತೊಳೆದದ್ದು ಒಣಗಲ್ಲ. ಈ ಸಲ ಸಮುದ್ರದ ಕಡೆಯ ಮಹಡಿಯಿಂದ ಶುರು ಮಾಡಿದೆವು. ಅಲ್ಲಿ ಮೂರು ರೂಮುಗಳಿಂದ ಮೂರು ಥರದ ದೂರು ಬಂದಿತ್ತು. ಒಂದರಲ್ಲಿ ಗಾಳಿಯೇ ಬರ್ತಿಲ್ಲ. ಇನ್ನೊಂದರಲ್ಲಿ ಗಾಳಿ ಜೋರಾಗಿ ಬರುತ್ತೆ, ಆದರೆ ತಣ್ಣಗಿಲ್ಲ. ಮೂರನೆಯದರಲ್ಲಿ ಸೀಲಿಂಗ್‌ನಿಂದ ನೀರು ಹನಿಯುತ್ತೆ. ಮೂರೂ ರೂಮುಗಳ ರಿಜಿಸ್ಟರ್‌ನಲ್ಲಿ ಹಿಂದಿನ ತಿಂಗಳು "ಸರ್ವಿಸ್ ಆಗಿದೆ" ಎಂದೇ ಬರೆದಿತ್ತು. ಏನು ಸರ್ವಿಸ್ ಎಂದು ಕೇಳಿದರೆ ಫಿಲ್ಟರ್ ತೊಳೆದು ಹಾಕಿದ್ದು.

ಈ ಯೂನಿಟ್ ನೋಡದವರಿಗೆ ಎರಡು ಮಾತು. ಪ್ಲಾಂಟ್ ರೂಮಿನಲ್ಲಿ ಚಿಲ್ಲರ್ ಎಂಬ ಯಂತ್ರ ನೀರನ್ನು 7 ಡಿಗ್ರಿಯ ಆಸುಪಾಸಿಗೆ ತಣ್ಣಗೆ ಮಾಡಿ ಪಂಪಿನಿಂದ ಪ್ರತಿ ರೂಮಿಗೂ ಕಳಿಸುತ್ತದೆ. ರೂಮಿನ ಬಾಗಿಲು ದಾಟಿದ ಕೂಡಲೇ ತಗ್ಗಾದ ಸೀಲಿಂಗ್ ಇರುತ್ತದಲ್ವಾ, ಅದರ ಮೇಲೆ ಯೂನಿಟ್ ತೂಗುಹಾಕಿರುತ್ತಾರೆ. ಒಳಗೆ ಒಂದು ಮೋಟಾರ್, ಅದರ ಎರಡೂ ಕಡೆ ಬ್ಲೋವರ್, ಮುಂದೆ ತಾಮ್ರದ ಕೊಳವೆಗೆ ಅಲ್ಯೂಮಿನಿಯಂನ ತೆಳು ಹಾಳೆಗಳನ್ನು (ಫಿನ್) ಪೋಣಿಸಿದ ಕಾಯಿಲ್, ಕೆಳಗೆ ಕಾಯಿಲ್ ಬಿಡುವ ನೀರು ಹಿಡಿಯುವ ಡ್ರೈನ್ ಟ್ರೇ. ರೂಮಿನ ಗಾಳಿ ಕಾಯಿಲ್ ದಾಟಿ ತಣ್ಣಗಾಗಿ ಗ್ರಿಲ್‌ನಿಂದ ಹೊರಗೆ ಬರುತ್ತದೆ. ನೀರು ಆ ಬಿಸಿ ಹೊತ್ತು 12 ಡಿಗ್ರಿ ಸುಮಾರಿಗೆ ವಾಪಸ್ ಹೋಗುತ್ತದೆ. ಚಳಿ ಇರುವ ಊರುಗಳಲ್ಲಿ ಇದೇ ಕಾಯಿಲ್‌ಗೆ ಚಳಿಗಾಲದಲ್ಲಿ ಬಿಸಿನೀರು ಬಿಡುತ್ತಾರೆ. ಬಿಸಿಗೂ ತಂಪಿಗೂ ಬೇರೆ ಬೇರೆ ಕಾಯಿಲ್ ಇರುವ ನಾಲ್ಕು ಪೈಪಿನ ಯೂನಿಟ್‌ಗಳೂ ಉಂಟು. ಮಂಗಳೂರಿಗೆ ಅದರ ಗೊಡವೆ ಇಲ್ಲ. ನಮಗೆ ವರ್ಷವಿಡೀ ತಂಪೇ ಬೇಕು.

ಬಿಚ್ಚುವ ಮೊದಲು ಅಳತೆ

ನಮ್ಮ ಫೋರ್ಮನ್ ತುಂಬಾ ವರ್ಷ ದುಬೈಯಲ್ಲಿ ಇದೇ ಕೆಲಸ ಮಾಡಿ ಬಂದವರು. ಕರಾವಳಿಯಲ್ಲಿ ಚಿಲ್ಡ್ ವಾಟರ್ ಕೆಲಸ ಗಲ್ಫ್‌ನಲ್ಲಿ ಕಲಿತು ಬಂದವರು ಬೇಕಾದಷ್ಟು ಜನ ಸಿಗುತ್ತಾರೆ. ಹೊಸ ಹುಡುಗ ಬಂದು ನೇರ ಏಣಿ ಹತ್ತಿ ಸ್ಕ್ರೂ ಬಿಚ್ಚಲು ಹೋದರೆ ಅವರು ಬಿಡುವುದಿಲ್ಲ. "ನಿಲ್ಲು ಮಾರಾಯ, ಎಂತ ಹಾಳಾಗಿದೆ ಅಂತ ಗೊತ್ತಿಲ್ಲದೆ ಎಂತ ಬಿಚ್ಚುದು ನೀನು?" ಎನ್ನುತ್ತಾರೆ. ಹಾಗಾಗಿ ಮೊದಲು ಯೂನಿಟ್ ಓಡುತ್ತಿರುವಾಗಲೇ ಐದು ಅಳತೆ ಬರೆದುಕೊಳ್ಳುತ್ತೇವೆ: ಒಳಗೆ ಹೋಗುವ ಗಾಳಿಯ ಉಷ್ಣತೆ, ಗ್ರಿಲ್‌ನಿಂದ ಬರುವ ಗಾಳಿಯ ಉಷ್ಣತೆ, ಗ್ರಿಲ್‌ನಲ್ಲಿ ಗಾಳಿಯ ವೇಗ, ಕಾಯಿಲ್‌ಗೆ ಬರುವ ಪೈಪು, ಕಾಯಿಲ್‌ನಿಂದ ಹೋಗುವ ಪೈಪು. ಪೈಪಿನ ಅಳತೆಗೆ ಕಾಯಿಲ್ ಹತ್ತಿರ ಇನ್ಸುಲೇಶನ್ ಸ್ವಲ್ಪ ಸರಿಸಿ, ಬರೀ ತಾಮ್ರಕ್ಕೆ ಪ್ರೋಬ್ ತಾಗಿಸಿ, ಮೇಲೆ ರಬ್ಬರ್ ತುಂಡು ಮುಚ್ಚಿ ಎರಡು ನಿಮಿಷ ಬಿಡಬೇಕು. ಮುಚ್ಚದಿದ್ದರೆ ಸೀಲಿಂಗ್ ಒಳಗಿನ ಗಾಳಿಯ ಉಷ್ಣತೆಯೂ ಸೇರಿ ಲೆಕ್ಕ ತಪ್ಪುತ್ತದೆ.

ಈ ಐದು ಅಳತೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲ ರೂಮಿನಲ್ಲಿ ಒಳಗೆ ಹೋಗುವ ಗಾಳಿ 27 ಡಿಗ್ರಿ, ಹೊರಗೆ ಬರುವುದು 12. ಬರೀ ಇಷ್ಟೇ ನೋಡಿದವರು "ಸೂಪರ್ ಕೂಲಿಂಗ್" ಎಂದು ಹೇಳಿ ಇಳಿದುಬಿಡುತ್ತಾರೆ. ಆದರೆ ಗ್ರಿಲ್‌ನಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.8 ಮೀಟರ್ ಮಾತ್ರ. ನೀರು 8 ಡಿಗ್ರಿಯಲ್ಲಿ ಬಂದು 10 ಡಿಗ್ರಿಯಲ್ಲಿ ವಾಪಸ್ ಹೋಗ್ತಿದೆ. ಅಂದರೆ ನೀರಿಗೆ ಬಿಸಿ ತಾಗುತ್ತಲೇ ಇಲ್ಲ. ಇದ್ದ ಸ್ವಲ್ಪ ಗಾಳಿ ಚೆನ್ನಾಗಿ ತಣ್ಣಗಾಗುತ್ತಿದೆ, ಆದರೆ ರೂಮಿಗೆ ಅದು ಸಾಲುತ್ತಿಲ್ಲ. ತೊಂದರೆ ಇರುವುದು ಗಾಳಿಯ ದಾರಿಯಲ್ಲಿ.

ಎರಡನೇ ರೂಮಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಗಾಳಿಯ ವೇಗ ಚೆನ್ನಾಗಿದೆ, ಹೊರಗೆ ಬರುವ ಗಾಳಿ 21. ನೀರು 8ಕ್ಕೆ ಬಂದು 18ಕ್ಕೆ ಹೋಗ್ತಿದೆ. ಇಲ್ಲಿ ನೀರೇ ಕಡಿಮೆ. ಬಂದ ಸ್ವಲ್ಪ ನೀರು ಕಾಯಿಲ್ ಒಳಗೆ ನಿಧಾನವಾಗಿ ಹೋಗುತ್ತಾ ಪೂರ್ತಿ ಬಿಸಿಯಾಗುತ್ತಿದೆ. ತೊಂದರೆ ನೀರಿನ ದಾರಿಯಲ್ಲಿ. ಎರಡೂ ಪೈಪು ರೂಮಿನಷ್ಟೇ ಬೆಚ್ಚಗಿದ್ದಿದ್ದರೆ ವಾಲ್ವ್ ತೆರೆದೇ ಇಲ್ಲ ಎಂದು ತಿಳಿಯುತ್ತಿತ್ತು. ಗ್ಯಾಸ್ ತುಂಬುವ ಸ್ಪ್ಲಿಟ್ ಎಸಿಯಿಂದ ಈ ಕಡೆ ಬಂದ ಹುಡುಗರಿಗೆ ಇದು ಹೊಸತು. ಇಲ್ಲಿ ಗ್ಯಾಸ್ ಇಲ್ಲ, ಕಂಪ್ರೆಸರ್ ಇಲ್ಲ. ಗಾಳಿ ಮತ್ತು ನೀರು, ಇವೆರಡರಲ್ಲಿ ಯಾವುದು ಕಡಿಮೆ ಅಂತ ಕಂಡುಹಿಡಿದರೆ ಸಾಕು.

ಗಾಳಿ ಬರದ ರೂಮು

ಹಾಸಿಗೆ, ಕಾರ್ಪೆಟ್, ಟಿವಿ ಎಲ್ಲದಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿ, ಎಂಸಿಬಿ ಇಳಿಸಿ, ಅದಕ್ಕೆ ಬೋರ್ಡ್ ತೂಗುಹಾಕಿ ಶುರು ಮಾಡಿದೆವು. ಟ್ರಾಪ್ ಡೋರ್ ತೆರೆದು ಫಿಲ್ಟರ್ ಎಳೆದರೆ ಫಿಲ್ಟರ್ ಚೊಕ್ಕ. ನನ್ನ ಜೊತೆಗಿದ್ದ ಹುಡುಗ ಗ್ರಿಲ್ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ, "ಅಣ್ಣ, ಕಾಯಿಲ್ ಕೂಡ ಫಳಫಳ ಉಂಟು" ಎಂದ. ಅವನು ಕಂಡದ್ದು ನಿಜವೇ. ಆದರೆ ನೋಡಬೇಕಾದ ಮುಖ ಅದಲ್ಲ.

ನಮ್ಮಲ್ಲಿರುವ ಥರದ ಸೀಲಿಂಗ್ ಯೂನಿಟ್‌ಗಳಲ್ಲಿ ಬ್ಲೋವರ್ ಹಿಂದೆ, ಕಾಯಿಲ್ ಮುಂದೆ. ಬ್ಲೋವರ್ ಗಾಳಿಯನ್ನು ಕಾಯಿಲ್ ಕಡೆ ತಳ್ಳುತ್ತದೆ. ಹಾಗಾಗಿ ಧೂಳು ಹಿಡಿಯುವುದು ಬ್ಲೋವರ್ ಕಡೆಯ ಮುಖಕ್ಕೆ. ಗ್ರಿಲ್ ಕಡೆಯ ಮುಖ ವರ್ಷಗಟ್ಟಲೆ ಹೊಸದರಂತೆಯೇ ಇರುತ್ತದೆ. ಕೊಳೆ ಕೂತ ಮುಖ ಕಾಣಬೇಕಾದರೆ ಮೋಟಾರ್, ಬ್ಲೋವರ್ ಕೂತಿರುವ ತಗಡಿನ ಡೆಕ್ ಅನ್ನೇ ಕೆಳಗೆ ಇಳಿಸಬೇಕು. ಅದು ಇಬ್ಬರ ಕೆಲಸ, ಏಣಿ ಎರಡು ಬೇಕು, ಸಮಯ ಹಿಡಿಯುತ್ತದೆ. ಅದಕ್ಕೇ ಯಾರೂ ಇಳಿಸುವುದಿಲ್ಲ. ಫಿಲ್ಟರ್ ತೊಳೆದು ಸಹಿ ಹಾಕುತ್ತಾರೆ. ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಡೆಕ್ ಇಳಿಸದೆ ಮಾಡಿದ್ದು ಸರ್ವಿಸ್ ಅಲ್ಲ.

ಇಳಿಸುವ ಮೊದಲು ವೈರಿಂಗ್‌ನ ಫೋಟೋ ತೆಗೆಯಬೇಕು. ಹೈ, ಮೀಡಿಯಂ, ಲೋ ಮೂರು ಸ್ಪೀಡಿನ ವೈರಿಗೆ ಒಂದೊಂದು ಕಂಪನಿ ಒಂದೊಂದು ಬಣ್ಣ ಕೊಡುತ್ತದೆ. ನೆನಪಿನ ಮೇಲೆ ಜೋಡಿಸಬಾರದು. ಕೆಪಾಸಿಟರ್‌ಗೆ ಕೈ ಹಾಕುವ ಮೊದಲು ರೆಸಿಸ್ಟರ್ ಹಿಡಿದು ಡಿಸ್ಚಾರ್ಜ್ ಮಾಡಬೇಕು. ಪವರ್ ಇಲ್ಲದಿದ್ದರೂ ಅದರಲ್ಲಿ ಚಾರ್ಜ್ ಉಳಿದಿರಬಹುದು.

ಡೆಕ್ ಕೆಳಗೆ ಬಂತು. ಕಾಯಿಲ್‌ನ ಹಿಂಬದಿಗೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ಬೆರಳಲ್ಲಿ ಒಂದು ತುದಿ ಹಿಡಿದು ಎಳೆದರೆ ಅಂಗೈ ಅಗಲದ ತುಂಡು ಹಾಗೇ ಕಳಚಿ ಬಂತು. ಬಿಡಿಸಿ ನೋಡಿದರೆ ಮಣ್ಣಿನ ಧೂಳು ಕಡಿಮೆ. ಜಾಸ್ತಿ ಇದ್ದದ್ದು ಹತ್ತಿಯ ನೂಲು. ಹೋಟೆಲ್ ರೂಮಿನಲ್ಲಿ ದಿನಾ ಬೆಡ್‌ಶೀಟ್ ಕೊಡವುತ್ತಾರೆ, ಟವೆಲ್ ಮಡಚುತ್ತಾರೆ. ಅದರ ಜುಂಗು ಗಾಳಿಯಲ್ಲಿ ಹಾರಿ ಇಲ್ಲಿ ಬಂದು ಕೂರುತ್ತದೆ. ಫಿಲ್ಟರ್ ಇದ್ದೂ ಅದು ಒಳಗೆ ಹೇಗೆ ಬಂತು? ಫಿಲ್ಟರ್ ಮತ್ತೆ ಹಾಕಿ ನೋಡಿದೆ. ಫ್ರೇಮ್‌ಗಿಂತ ಒಂದು ಬದಿಯಲ್ಲಿ ಎರಡು ಬೆರಳು ಚಿಕ್ಕದು. ಯಾವಾಗಲೋ ಬೇರೆ ಯೂನಿಟ್‌ನ ಫಿಲ್ಟರ್ ಇಲ್ಲಿಗೆ ಬಂದಿದೆ. ಗಾಳಿ ಸುಲಭದ ದಾರಿ ಹಿಡಿಯುತ್ತದೆ, ಆ ಸಂದಿಯಲ್ಲೇ ನುಗ್ಗಿದೆ. ಫಿಲ್ಟರ್ ಚೊಕ್ಕವಾಗಿ ಕಂಡದ್ದಕ್ಕೆ ಅರ್ಧ ಕಾರಣ ಅದೇ.

ಇಲ್ಲಿ ಎಲ್ಲರೂ ಅವಸರ ಮಾಡುವ ಒಂದು ಹಂತ ಇದೆ. ಜುಂಗು ಹಿಡಿದ ಕಾಯಿಲ್‌ಗೆ ನೇರ ನೀರು ಹೊಡೆಯಬಾರದು. ಒದ್ದೆಯಾದ ಕೂಡಲೇ ಅದು ಮುದ್ದೆಯಾಗಿ ಫಿನ್‌ಗಳ ನಡುವೆ ಇಳಿದು ಕೂರುತ್ತದೆ. ಒಂದು ಇಂಚಿಗೆ 12 ರಿಂದ 14 ಫಿನ್ ಇರುವ ಜಾಗ ಅದು. ಒಳಗೆ ಹೋದ ಮುದ್ದೆ ಮತ್ತೆ ಹೊರಗೆ ಬರುವುದಿಲ್ಲ. ಮೊದಲು ಒಣಗಿದ್ದಾಗಲೇ ಮೆತ್ತನೆಯ ನೈಲಾನ್ ಬ್ರಷ್ ಹಿಡಿದು, ಫಿನ್ ನಿಂತಿರುವ ದಿಕ್ಕಿನಲ್ಲಿ ಮೇಲಿಂದ ಕೆಳಗೆ ಮಾತ್ರ ಎಳೆಯಬೇಕು. ಅಡ್ಡ ಎಳೆದರೆ ಫಿನ್ ಮಡಚಿಕೊಳ್ಳುತ್ತವೆ. ಇನ್ನೊಬ್ಬ ವ್ಯಾಕ್ಯೂಮ್ ಪೈಪ್ ಹಿಡಿದು ಬ್ರಷ್‌ನ ಹಿಂದೆಯೇ ಬರಬೇಕು. ಮೂಗಿಗೆ ಮಾಸ್ಕ್ ಕಡ್ಡಾಯ. ಇಷ್ಟರಲ್ಲೇ ಮುಕ್ಕಾಲು ಪಾಲು ಕೊಳೆ ಹೋಗುತ್ತದೆ.

ಆಮೇಲೆ ನೀರು. ಕಾರು ತೊಳೆಯುವ ಪ್ರೆಷರ್ ಪಂಪ್ ಬೇಡವೇ ಬೇಡ, ಫಿನ್ ಎಲ್ಲ ಚಪ್ಪಟೆಯಾಗುತ್ತವೆ. ನಾವು ಬಳಸುವುದು ತೋಟಕ್ಕೆ ಮದ್ದು ಹೊಡೆಯುವ ಕೈ ಪಂಪಿನ ಸ್ಪ್ರೇಯರ್. ಹೊಸದೇ ತಂದು ಈ ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ಅಲ್ಯೂಮಿನಿಯಂಗೆ ಹಾನಿ ಮಾಡದ ಕಾಯಿಲ್ ಕ್ಲೀನರ್ ಡಬ್ಬದಲ್ಲಿ ಹೇಳಿದಷ್ಟೇ ನೀರಿಗೆ ಬೆರೆಸಿ ಹೊಡೆದು, ಹತ್ತು ನಿಮಿಷ ಬಿಟ್ಟು, ಗ್ರಿಲ್ ಕಡೆಯಿಂದ ಬ್ಲೋವರ್ ಕಡೆಗೆ ನೀರು ಬಿಟ್ಟು ತೊಳೆದೆವು. ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ತೊಳೆದರೆ ಕೊಳೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಕೆಲವರು ಬೇಗ ಬೆಳ್ಳಗಾಗಲಿ ಎಂದು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುತ್ತಾರೆ. ಬೆಳ್ಳಗಾಗುವುದು ನಿಜ, ಅಲ್ಯೂಮಿನಿಯಂ ತಿಂದು ಹೋದದ್ದರಿಂದ. ಕಾಸ್ಟಿಕ್ ಕೂಡ ಅಷ್ಟೇ ಕೆಟ್ಟದು. ಮಡಚಿದ್ದ ಕೆಲವು ಫಿನ್‌ಗಳನ್ನು ಫಿನ್ ಕೋಂಬ್‌ನಿಂದ ಬಿಡಿಸಿದೆವು.

ಬ್ಲೋವರ್ ಚಕ್ರ ನೋಡದೆ ಬಿಡಬಾರದು. ಅದರ ಒಂದೊಂದು ರೆಕ್ಕೆಯೂ ಒಳಕ್ಕೆ ಬಾಗಿದ ಪುಟ್ಟ ತಗಡು. ಆ ಬಾಗಿನಲ್ಲಿ ಧೂಳು ತುಂಬಿದರೆ ಚಕ್ರ ಅಷ್ಟೇ ಸ್ಪೀಡಿನಲ್ಲಿ ತಿರುಗಿದರೂ ಗಾಳಿ ಎತ್ತುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ರೆಕ್ಕೆ ಬಿಡಿಸಬೇಕು, ಬೇರೆ ಉಪಾಯ ಇಲ್ಲ. ಎಲ್ಲೋ ಒಂದು ಕಡೆ ಬಿಟ್ಟರೆ ಚಕ್ರದ ತೂಕ ಒಂದು ಕಡೆ ಹೆಚ್ಚಾಗಿ ಯೂನಿಟ್ ಅದುರುತ್ತದೆ. ಚಕ್ರವನ್ನು ಶಾಫ್ಟ್‌ಗೆ ಹಿಡಿದಿರುವ ಪುಟ್ಟ ಸ್ಕ್ರೂ ಅಲೆನ್ ಕೀಲಿ ಹಾಕಿ ಬಿಗಿ ಮಾಡಿ, ಕೈಯಲ್ಲಿ ತಿರುಗಿಸಿ ಎಲ್ಲೂ ಉಜ್ಜುತ್ತಿಲ್ಲ ಎಂದು ನೋಡಿಕೊಂಡೆವು. ಮೋಟಾರ್ ವೈಂಡಿಂಗ್‌ನ ಇನ್ಸುಲೇಶನ್ ಅನ್ನು ಅದನ್ನು ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ನೋಡಿದಾಗ ಚೆನ್ನಾಗಿತ್ತು.

ಎಲ್ಲ ಜೋಡಿಸಿ ಓಡಿಸಿದಾಗ ಗ್ರಿಲ್‌ನಲ್ಲಿ ವೇಗ 2.3 ಮೀಟರ್. ಹೊರಗೆ ಬರುವ ಗಾಳಿ 14 ಡಿಗ್ರಿ, ನೀರು 8ಕ್ಕೆ ಬಂದು 13ಕ್ಕೆ ವಾಪಸ್. ಹುಡುಗನಿಗೆ ಎರಡು ಸಂಶಯ ಬಂತು. ಮೊದಲನೆಯದು, 12 ಇದ್ದದ್ದು 14 ಆಯಿತಲ್ಲ, ಕೂಲಿಂಗ್ ಕಡಿಮೆ ಆಯ್ತಾ? ಇಲ್ಲ. ಒಂದೂವರೆ ಟನ್ನಿನ ಈ ಯೂನಿಟ್ ಸುಮಾರು 600 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಕೊಡಬೇಕು, ಟನ್ನಿಗೆ 400 ಎಂಬ ಲೆಕ್ಕ. ಈಗ ಅದರ ಹತ್ತಿರ ಬಂದಿದೆ. ಮುಂಚೆ ಸ್ವಲ್ಪ ಗಾಳಿ ಕಾಯಿಲ್‌ನಲ್ಲಿ ತುಂಬಾ ಹೊತ್ತು ಇದ್ದು ಹೆಚ್ಚು ತಣ್ಣಗಾಗಿತ್ತು, ಅಷ್ಟೇ. ಎರಡನೆಯ ಸಂಶಯ ಒಳ್ಳೆಯದು. ಕ್ಲಾಂಪ್ ಮೀಟರ್‌ನಲ್ಲಿ ಕರೆಂಟ್ 0.41 ಆಂಪಿಯರ್ ಇದ್ದದ್ದು 0.52 ಆಗಿದೆ. ಕ್ಲೀನ್ ಮಾಡಿದ ಮೇಲೆ ಲೋಡ್ ಇಳಿಯಬೇಕಲ್ವಾ? ಈ ಥರದ ಬ್ಲೋವರ್‌ನಲ್ಲಿ ಹಾಗಲ್ಲ. ದಾರಿ ಕಟ್ಟಿದ್ದಾಗ ಚಕ್ರ ಗಾಳಿಯನ್ನು ಸಾಗಿಸದೆ ಸುಮ್ನೆ ತಿರುಗುತ್ತಿರುತ್ತದೆ, ಕರೆಂಟ್ ಕಡಿಮೆ ತಿನ್ನುತ್ತದೆ. ದಾರಿ ತೆರೆದಾಗ ಗಾಳಿ ಸಾಗಿಸುವ ಕೆಲಸ ಹೆಚ್ಚುತ್ತದೆ. ಮೋಟಾರ್ ಮೇಲೆ ಬರೆದಿರುವ 0.6ಕ್ಕಿಂತ ಒಳಗಿದ್ದರೆ ಗಾಬರಿ ಬೇಡ.

ನೀರು ಬರದ ರೂಮು

ಇದು ಬೇಗ ಮುಗಿಯಿತು. ಕಾಯಿಲ್‌ಗೆ ನೀರು ಬರುವ ಪೈಪಿನಲ್ಲಿ ನೀರಿನ ಕೊಳೆ ಹಿಡಿಯುವ ಜಾಲರಿ, ವೈ ಸ್ಟ್ರೈನರ್, ಇರುತ್ತದೆ. ಎರಡೂ ಬಾಲ್ ವಾಲ್ವ್ ಮುಚ್ಚಿ, ಕೆಳಗೆ ಬಕೆಟ್ ಇಟ್ಟು, ಕ್ಯಾಪ್ ನಿಧಾನವಾಗಿ ಬಿಚ್ಚಿದೆವು. ಇಂಕಿನಂಥ ಕಪ್ಪು ನೀರು ಬಂತು, ಹಿಂದೆಯೇ ಜಾಲರಿ. ಜಾಲರಿಯಲ್ಲಿ ಕಪ್ಪು ಕೆಸರು, ತುಕ್ಕಿನ ಚಕ್ಕೆ, ಯಾರೋ ಪೈಪಿನ ತ್ರೆಡ್‌ಗೆ ಸುತ್ತಿದ ಸೆಣಬಿನ ಎಳೆ. ಕೆಸರಿಗೆ ಮ್ಯಾಗ್ನೆಟ್ ಹಿಡಿದರೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಪೈಪು ಒಳಗಿಂದ ತುಕ್ಕು ಹಿಡಿಯುತ್ತಿರುವ ಗುರುತು ಅದು. ಜಾಲರಿ ತೊಳೆದು ಹಾಕಿದರೆ ಈ ರೂಮು ಸರಿಹೋಗುತ್ತದೆ, ಆದರೆ ಕೆಸರು ಎಲ್ಲ ರೂಮಿಗೂ ಇದೇ ನೀರಿನಲ್ಲಿ ಹೋಗ್ತಿದೆ. ಹಾಗಾಗಿ ಒಂದು ಬಾಟಲಿ ನೀರು ಹಿಡಿದು ಪ್ಲಾಂಟ್ ರೂಮಿಗೆ ಕಳಿಸಿದೆವು. ಪಿಎಚ್, ತುಕ್ಕು ತಡೆಯುವ ಕೆಮಿಕಲ್ ಎಷ್ಟಿದೆ ಎಂದು ಅವರು ನೋಡಬೇಕು.

ವಾಲ್ವ್ ವಾಪಸ್ ತೆರೆಯುವಾಗ ಒಮ್ಮೆಲೇ ತಿರುಗಿಸಬಾರದು. ಕಾಯಿಲ್ ಮೇಲ್ಭಾಗದಲ್ಲಿರುವ ಏರ್ ವೆಂಟ್ ಬಿಡಿಸಿಟ್ಟು, ಕೆಳಗೆ ಬಟ್ಟೆ ಹಿಡಿದು, ಸ್ವಲ್ಪ ಸ್ವಲ್ಪ ತೆರೆಯಬೇಕು. ಮೊದಲು ಬುಸ್ ಎಂದು ಗಾಳಿ, ಆಮೇಲೆ ಉಗುಳಿದ ಹಾಗೆ ನೀರು, ಕೊನೆಗೆ ಒಂದೇ ಧಾರೆ. ಧಾರೆ ಬಂದ ಮೇಲೆ ಮುಚ್ಚುವುದು. ರೂಮಿನ ಸೀಲಿಂಗ್ ಒಳಗೆ ಗುಳುಗುಳು ಸದ್ದು ಬರುತ್ತದೆ ಎಂದು ಗೆಸ್ಟ್ ಹೇಳಿದರೆ ಗಾಳಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಅರ್ಧ ಗಂಟೆ ಬಿಟ್ಟು ನೋಡಿದಾಗ ನೀರು 8ಕ್ಕೆ ಬಂದು 13ಕ್ಕೆ ಹೋಗ್ತಿತ್ತು.

ನೀರು ಹನಿಯುವ ರೂಮು

ಕರಾವಳಿಯಲ್ಲಿ ಎಫ್‌ಸಿಯು ಕೆಲಸ ಎಂದರೆ ಮುಖ್ಯವಾಗಿ ಇದೇ. ಜಿಪ್ಸಂ ಸೀಲಿಂಗ್‌ನಲ್ಲಿ ಕಂದು ಕಲೆ. ಅದಕ್ಕೆ ಆಗಲೇ ಪೇಂಟ್ ಬಳಿದಿದ್ದರು, ಕಲೆ ಪೇಂಟಿನ ಮೇಲೂ ಬಂದಿತ್ತು. ಎಲ್ಲರೂ ಮೊದಲು ಹೇಳುವುದು "ಡ್ರೈನ್ ಚೋಕ್ ಆಗಿದೆ" ಎಂದು. ಹಲವು ಸಲ ಅದು ಸರಿಯೂ ಹೌದು, ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆವು.

ಟ್ರೇಯಲ್ಲಿ ಲೋಳೆ ಇತ್ತು. ಧೂಳು, ತೇವ ಸೇರಿದ ಕಡೆ ಅದು ಬೆಳೆದೇ ಬೆಳೆಯುತ್ತದೆ, ಮುಚ್ಚಿದ ರೂಮಿನಲ್ಲಿ ಬರುವ ಮುಗ್ಗಲು ವಾಸನೆಗೂ ಅದೇ ಕಾರಣ. ಕೈಯಲ್ಲಿ ಬಾಚಿ ತೆಗೆದು, ಪೈಪಿನ ಕೆಳಗಿನ ತುದಿಯಿಂದ ನೀರು ಎಳೆಯುವ ವ್ಯಾಕ್ಯೂಮ್ ಹಾಕಿ ಎಳೆದೆವು. ಮೇಲಿಂದ ಕಡ್ಡಿ ಹಾಕಿ ತಳ್ಳಿದರೆ ಲೋಳೆ ಮುಂದಿನ ಬೆಂಡ್‌ನಲ್ಲಿ ಹೋಗಿ ಕೂರುತ್ತದೆ, ಅಷ್ಟೇ. ಟ್ರೇಯ ಇಳಿಜಾರು ಲೆವೆಲ್ ಇಟ್ಟು ನೋಡಿದೆವು. ಡ್ರೈನ್ ತೂತಿನ ಕಡೆಗೆ ವಾಲಬೇಕಾದ ಯೂನಿಟ್ ಸ್ವಲ್ಪ ಎದುರು ಕಡೆಗೆ ವಾಲಿತ್ತು. ಒಂದು ಮೂಲೆಯ ರಾಡ್‌ನ ನಟ್ ಅದುರಿ ಅದುರಿ ಸಡಿಲವಾಗಿತ್ತು. ಬಿಗಿ ಮಾಡಿ, ಮೇಲೆ ಇನ್ನೊಂದು ಲಾಕ್ ನಟ್ ಹಾಕಿದೆವು.

ಇಷ್ಟಾದ ಮೇಲೂ ನಂಬಿ ಸೀಲಿಂಗ್ ಮುಚ್ಚಬಾರದು. ನೀರು ಟ್ರೇಯಿಂದ ಬರ್ತಿದೆಯೋ ಬೇರೆ ಕಡೆಯಿಂದಲೋ ಎಂದು ಗೊತ್ತಾಗಲು ನಾವು ಮಾಡುವ ಒಂದು ಕೆಲಸ ಇದೆ. ಒಂದು ಮಗ್ ನೀರಿಗೆ ಅರಿಶಿನ ಕಲಸಿ ಟ್ರೇಗೆ ಸುರಿಯುತ್ತೇವೆ. ಕೆಳಗೆ ಹನಿ ಬೀಳುವ ಜಾಗದಲ್ಲಿ ಬಿಳಿ ಬಟ್ಟೆ ಹಾಸಿದ ಬಕೆಟ್ ಇಡುತ್ತೇವೆ. ಹನಿ ಹಳದಿ ಇದ್ದರೆ ಟ್ರೇ ಅಥವಾ ಡ್ರೈನ್ ಪೈಪು ಸೋರ್ತಿದೆ. ಬೆಳ್ಳಗಿದ್ದರೆ ಏನೋ ಬೆವರ್ತಿದೆ. ಇಲ್ಲಿ ಅರಿಶಿನದ ನೀರೆಲ್ಲ ಡ್ರೈನ್‌ನಲ್ಲಿ ಸೀದಾ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯ ಮೇಲೆ ಬಿದ್ದ ಹನಿ ಬೆಳ್ಳಗೇ ಇತ್ತು.

ಬೆವರುವ ಲೆಕ್ಕ ಸ್ವಲ್ಪ ಹೇಳಬೇಕು. 30 ಡಿಗ್ರಿ, 80 ಪರ್ಸೆಂಟ್ ತೇವ ಇರುವ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಯಾವುದಕ್ಕೆ ತಾಗಿದರೂ ಅಲ್ಲಿ ನೀರು ಬಿಡುತ್ತದೆ. ಮಂಗಳೂರಿನಲ್ಲಿ ಮಳೆಗಾಲಕ್ಕೆ ಇದು ಸಾಮಾನ್ಯ ಹವೆ. ಎಸಿ ಚೆನ್ನಾಗಿ ಓಡುವ ರೂಮಿನಲ್ಲಿ, 24 ಡಿಗ್ರಿ, 55 ಪರ್ಸೆಂಟ್ ಇದ್ದರೆ, ಈ ಗಡಿ 14ರ ಸುಮಾರಿಗೆ ಇಳಿಯುತ್ತದೆ. ನಮ್ಮ ಪೈಪಿನಲ್ಲಿರುವ ನೀರು 8 ಡಿಗ್ರಿ. ಎರಡೂ ಸಂದರ್ಭದಲ್ಲಿ ಇನ್ಸುಲೇಶನ್ ಇಲ್ಲದ ಪೈಪು ಬೆವರುತ್ತದೆ. ಆದರೆ ತೇವದ ಗಾಳಿಯಲ್ಲಿ ಇನ್ಸುಲೇಶನ್‌ನ ಒಂದು ಸಣ್ಣ ಸಂದಿ ಕೂಡ ಸಾಕು.

ವಾಲ್ವ್‌ನ ಸುತ್ತ ಕೈ ಹಾಕಿದೆ. ಒದ್ದೆ. ಹಿಂದೆ ಯಾವಾಗಲೋ ಆಕ್ಚುಯೇಟರ್ (ಕರೆಂಟಿನಿಂದ ವಾಲ್ವ್ ತೆರೆದು ಮುಚ್ಚುವ ಭಾಗ) ಬದಲಿಸುವಾಗ ಇನ್ಸುಲೇಶನ್‌ನ ನೈಟ್ರೈಲ್ ರಬ್ಬರ್ ಕತ್ತರಿಸಿ, ಕೆಲಸ ಮುಗಿದ ಮೇಲೆ ಬರೀ ಟೇಪ್ ಸುತ್ತಿದ್ದರು. ಟೇಪ್ ಬಿಟ್ಟುಕೊಂಡಿತ್ತು. ಇದನ್ನು ಸರಿಮಾಡಲು ಅವಸರ ನಡೆಯಲ್ಲ. ನೀರು ನಿಲ್ಲಿಸಿ, ಪೈಪು ಸೀಲಿಂಗ್‌ನ ಗಾಳಿಯಷ್ಟೇ ಬೆಚ್ಚಗಾಗುವವರೆಗೆ ಕಾಯಬೇಕು. ಒರೆಸಿ ಪೂರ್ತಿ ಒಣಗಿಸಬೇಕು. 25 ಮಿಲಿಮೀಟರ್ ದಪ್ಪದ ರಬ್ಬರ್ ವಾಲ್ವ್ ಅಳತೆಗೆ ಕತ್ತರಿಸಿ, ಎರಡೂ ಅಂಚಿಗೆ ಅಂಟು ಹಚ್ಚಿ, ಬೆರಳು ಮುಟ್ಟಿದರೆ ಅಂಟಿಕೊಳ್ಳದಷ್ಟು ಆರಿದ ಮೇಲೆ ಒತ್ತಿ ಕೂಡಿಸಬೇಕು. ಹಸಿ ಇರುವಾಗ ಒತ್ತಿದರೆ ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ಟೇಪ್ ಸುತ್ತುವಾಗ ಎಳೆದು ಬಿಗಿಯಬಾರದು. ರಬ್ಬರ್ ಅಮುಕಿದ ಕಡೆ ದಪ್ಪ ಕಡಿಮೆಯಾಗಿ ಅಲ್ಲೇ ಮತ್ತೆ ಬೆವರುತ್ತದೆ.

ಇಷ್ಟಕ್ಕೆ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಮೇಡಂ ಬಂದರು. ಅವರು ಹೇಳಿದ್ದು ಕೇಳಿ ನಾವು ಏಣಿ ಮತ್ತೆ ನಿಲ್ಲಿಸಿದೆವು. "ಗೆಸ್ಟ್ ಇರುವಾಗ ಅಷ್ಟು ನೀರು ಬೀಳುದಿಲ್ಲ ಮಾರಾಯ್ರೆ. ರೂಮು ಎರಡು ದಿನ ಖಾಲಿ ಬಿಟ್ಟು ತೆಗೆದರೆ ಕಾರ್ಪೆಟ್ ಚಂಡಿ ಇರ್ತದೆ."

ಎಸಿ ಓಡದಾಗಲೇ ಜಾಸ್ತಿ ನೀರು! ಬಾಗಿಲ ಪಕ್ಕದ ಸ್ವಿಚ್‌ನಲ್ಲಿ ಹಾಕಿದರೆ ರೂಮಿಗೆ ಕರೆಂಟ್ ಬರುವ ಕೀ ಕಾರ್ಡ್ ತೆಗೆದು ಪರೀಕ್ಷೆ ಮಾಡಿದೆವು. ಬ್ಲೋವರ್ ನಿಂತಿತು. ಕಾಯಿಲ್‌ಗೆ ಬರುವ, ಹೋಗುವ ಎರಡೂ ಪೈಪು ಮಾತ್ರ ತಣ್ಣಗೇ ಇದ್ದವು. ಕಾಯಿಲ್ ಒಳಗೆ ತಣ್ಣೀರು ಹರಿಯುತ್ತಲೇ ಇತ್ತು. ಗಾಳಿ ಓಡದೆ ನಿಂತಾಗ ಆ ತಂಪು ಹೋಗಲು ಜಾಗ ಇಲ್ಲ, ಯೂನಿಟ್‌ನ ಇಡೀ ತಗಡಿನ ಮೈ ತಣ್ಣಗಾಗುತ್ತದೆ. ಖಾಲಿ ರೂಮಿನಲ್ಲಿ ಬಾಲ್ಕನಿ ಬಾಗಿಲ ಸಂದಿಯಿಂದ ಸಮುದ್ರದ ಗಾಳಿ ಬರುತ್ತದೆ. ತಗಡಿನ ಮೇಲೆಲ್ಲ ಹನಿ ಕಟ್ಟುತ್ತದೆ. ಈ ಹನಿ ಟ್ರೇಯ ಹೊರಗೆ ಬೀಳುವುದರಿಂದ ಡ್ರೈನ್ ಎಷ್ಟು ಚೊಕ್ಕ ಇದ್ದರೂ ಪ್ರಯೋಜನ ಇಲ್ಲ.

ವಾಲ್ವ್ ಯಾಕೆ ಮುಚ್ಚಲಿಲ್ಲ? ಎರಡು ಕಾರಣ ಇರಬಹುದು. ಆಕ್ಚುಯೇಟರ್‌ಗೆ ಇನ್ನೂ ಕರೆಂಟ್ ಬರ್ತಿರಬಹುದು, ಇಲ್ಲ ಕರೆಂಟ್ ನಿಂತರೂ ವಾಲ್ವ್‌ನ ಕಡ್ಡಿ ಸಿಕ್ಕಿಕೊಂಡಿರಬಹುದು. ಮೀಟರ್ ಹಿಡಿದಾಗ ಆಕ್ಚುಯೇಟರ್‌ಗೆ ಪವರ್ ಇತ್ತು. ವೈರ್ ಹಿಡಿದು ಹೋದರೆ ಅದನ್ನು ಕೀ ಕಾರ್ಡ್ ಸ್ವಿಚ್‌ಗಿಂತ ಮೊದಲೇ, ನೇರ ಲೈನಿನಿಂದ ಕೊಟ್ಟಿದ್ದಾರೆ. ಥರ್ಮೋಸ್ಟಾಟ್ ದಾಟಿ ಬಂದ ಲೈನೂ ಅಲ್ಲ. ವೈರಿಂಗ್ ಬದಲಿಸಿ, ಬ್ಲೋವರ್ ನಿಂತರೆ ವಾಲ್ವೂ ಮುಚ್ಚುವ ಹಾಗೆ ಮಾಡಿದೆವು. ಕಾರ್ಡ್ ತೆಗೆದು ಕಾದು ನೋಡಿದಾಗ ವಾಪಸ್ ಪೈಪು ನಿಧಾನವಾಗಿ ಬೆಚ್ಚಗಾಯಿತು. ಪಕ್ಕದ ರೂಮುಗಳಲ್ಲೂ ಇದೇ ಪರೀಕ್ಷೆ ಮಾಡಿದಾಗ ಇನ್ನೊಂದರಲ್ಲಿ ವೈರಿಂಗ್ ಸರಿ ಇದ್ದೂ ಕಡ್ಡಿ ಸಿಕ್ಕಿಕೊಂಡಿತ್ತು. ಆಕ್ಚುಯೇಟರ್ ಬಿಚ್ಚಿ ಕೈಯಲ್ಲಿ ಒತ್ತಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ: ಕಡ್ಡಿ ಸ್ಪ್ರಿಂಗಿನ ಬಲಕ್ಕೆ ವಾಪಸ್ ಏಳಬೇಕು, ಏಳಲಿಲ್ಲ. ಆ ವಾಲ್ವ್ ಬದಲಿಸಿದೆವು.

ಕಾರ್ಡ್ ತೆಗೆದು ಪೈಪ್ ಮುಟ್ಟಿ ನೋಡುವುದನ್ನು ಈಗ ಎಲ್ಲ ರೂಮಿನ ಸರ್ವಿಸ್ ಪಟ್ಟಿಗೂ ಸೇರಿಸಿದ್ದೇನೆ. ಸೀಲಿಂಗ್ ಕಲೆಗೆ ಪೇಂಟ್ ಬಳಿಯುವವರು ಇದನ್ನು ಮಾಡಿಯೇ ಬ್ರಷ್ ಮುಟ್ಟಲಿ.

ಉಳಿದ ರೂಮುಗಳಲ್ಲಿ ಕಂಡದ್ದು

ಒಂದು ರೂಮಿನಲ್ಲಿ ಮೋಟಾರ್ ಹೂಂಕರಿಸುತ್ತಿತ್ತು, ಲೋ ಸ್ಪೀಡಿನಲ್ಲಿ ತಿರುಗುತ್ತಲೇ ಇರಲಿಲ್ಲ. ಕೈಯಲ್ಲಿ ತಿರುಗಿಸಿ ಬಿಟ್ಟರೆ ಓಡುತ್ತದೆ. ಕೆಪಾಸಿಟರ್ ಮೇಲೆ 4 ಮೈಕ್ರೋಫ್ಯಾರಡ್ ಎಂದು ಬರೆದಿದೆ, ಮೀಟರ್ 2.6 ತೋರಿಸಿತು. ಐದು ಪರ್ಸೆಂಟ್ ಆಚೀಚೆ ಇದ್ದರೆ ಸರಿ, ಇದು ತುಂಬಾ ದೂರ. ಹೊಸದು ಹಾಕುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು. "ಜಾಸ್ತಿ ಹಾಕಿದರೆ ಜೋರಾಗಿ ಓಡುತ್ತೆ" ಎಂದು ದೊಡ್ಡದು ಹಾಕಿದರೆ ಮೋಟಾರ್ ಬಿಸಿಯಾಗಿ ಸುಡುತ್ತದೆ. ಈ ಭಾಗ ತೀರಾ ಅಗ್ಗ. ಇದಕ್ಕಾಗಿ ಇಡೀ ಮೋಟಾರ್ ಬದಲಿಸಿದ್ದನ್ನು ನಾನು ಕಂಡಿದ್ದೇನೆ, ಬೇಸರ ಆಗುತ್ತದೆ.

ಸಮುದ್ರಕ್ಕೆ ನೇರ ಮುಖ ಮಾಡಿದ ಮೂಲೆ ರೂಮಿನ ಕಾಯಿಲ್ ಬೇರೆಯೇ ಕತೆ. ಬ್ರಷ್ ತಾಗಿದ ಕೂಡಲೇ ಫಿನ್ ಬಿಳಿ ಪುಡಿಯಾಗಿ ಉದುರಿತು. ಉಪ್ಪಿನ ಗಾಳಿ, ತೇವ, ತಾಮ್ರಕ್ಕೆ ತಾಗಿರುವ ಅಲ್ಯೂಮಿನಿಯಂ, ಈ ಮೂರು ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಬಾಲ್ಕನಿ ಬಾಗಿಲು ಸದಾ ತೆರೆದಿಡುವ ರೂಮುಗಳಲ್ಲಿ ಇದು ಬೇಗ. ಅಲ್ಲಿ ಬ್ರಷ್ ನಿಲ್ಲಿಸಿದೆವು. ಅದನ್ನು ತೊಳೆದು ಉಪಯೋಗವಿಲ್ಲ, ಹೊಸ ಕಾಯಿಲೇ ಬೇಕು. ಈ ಸಲ ಎಪಾಕ್ಸಿ ಕೋಟಿಂಗ್ ಇರುವ ಫಿನ್‌ನದ್ದೇ ಬರೆದು ಕೊಟ್ಟಿದ್ದೇನೆ. ಟ್ರೇ ಕೂಡ ಜಿಐ (ಸತು ಲೇಪಿಸಿದ ಕಬ್ಬಿಣ) ಬೇಡ, 304 ಸ್ಟೇನ್‌ಲೆಸ್ ಸ್ಟೀಲ್ ಬೇಕು ಎಂದೂ ಬರೆದಿದ್ದೇನೆ. ಖರ್ಚು ಜಾಸ್ತಿ ಎಂದು ಪರ್ಚೇಸ್‌ನವರು ಕೇಳಿದರು. ತುಕ್ಕು ತೂತು ಮಾಡಿದ ಹಳೇ ಟ್ರೇಯನ್ನೇ ಅವರ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟು ತೋರಿಸಿದೆ, ಒಪ್ಪಿದರು.

ಫಿಲ್ಟರ್‌ಗಳನ್ನು ಒಂದೊಂದು ರೂಮಿನ ಫ್ರೇಮ್ ಅಳತೆಗೆ ಹೊಸದಾಗಿ ಮಾಡಿಸಿ, ಅಂಚಿನಲ್ಲಿ ಪೇಂಟಿನಿಂದ ರೂಮ್ ನಂಬರ್ ಬರೆಸಿದೆವು. ತೊಳೆಯಲು ಎಲ್ಲವನ್ನೂ ಒಟ್ಟಿಗೆ ಹಾಕಿದರೂ ಇನ್ನು ಅದಲು ಬದಲು ಆಗಲ್ಲ. ತೊಳೆದ ಮೇಲೆ ನೆರಳಲ್ಲಿ ಪೂರ್ತಿ ಒಣಗಿಸಿ, ಗಾಳಿಯ ಬಾಣದ ಗುರುತು ನೋಡಿ ಹಾಕಬೇಕು. ಒದ್ದೆ ಫಿಲ್ಟರ್‌ಗೆ ಧೂಳು ಕೆಸರಾಗಿ ಅಂಟುತ್ತದೆ. ರೂಮುಗಳಿಗೆ ತಿಂಗಳಿಗೊಮ್ಮೆ, ಮದುವೆ ಹಾಲ್‌ಗೆ ಹದಿನೈದು ದಿನಕ್ಕೊಮ್ಮೆ ಎಂದು ಇಟ್ಟುಕೊಂಡಿದ್ದೇವೆ. ಡೆಕ್ ಇಳಿಸುವುದು ಎಲ್ಲದಕ್ಕೂ ವರ್ಷಕ್ಕೊಮ್ಮೆ, ತಪ್ಪಿಸುವಂತಿಲ್ಲ. ರಿಜಿಸ್ಟರ್‌ನಲ್ಲಿ "ಸರ್ವಿಸ್ ಆಗಿದೆ" ಎಂಬ ಕಾಲಂ ತೆಗೆದು, ಐದು ಅಳತೆ ಬರೆಯುವ ಕಾಲಂ ಹಾಕಿದ್ದೇವೆ. ಮುಂಚೆ ಎಷ್ಟು, ಆಮೇಲೆ ಎಷ್ಟು. ಬ್ಲೋವರ್ ಕಡೆಯಿಂದ ಕಾಯಿಲ್‌ನ ಫೋಟೋವೂ ಬೇಕು.

ಈ ಮಹಡಿ ಮುಗಿದಿದೆ. ಮೂಲೆ ರೂಮಿನ ಕಾಯಿಲ್ ಬರುವವರೆಗೆ ಆ ರೂಮನ್ನು ಗೆಸ್ಟ್‌ಗೆ ಕೊಡಬೇಡಿ ಎಂದು ರಿಸೆಪ್ಶನ್‌ಗೆ ಹೇಳಿದ್ದೇವೆ. ಪ್ಲಾಂಟ್ ರೂಮಿನಿಂದ ನೀರಿನ ರಿಪೋರ್ಟ್ ಬರಬೇಕು. ನಾಳೆಯಿಂದ ಕೆಳಗಿನ ಮಹಡಿ. ಅಲ್ಲಿ ಮೊದಲು ಕೀ ಕಾರ್ಡ್ ತೆಗೆದು ಎಲ್ಲ ರೂಮಿನ ಪೈಪು ಮುಟ್ಟಿ ನೋಡುವುದು, ಆಮೇಲೆ ಏಣಿ.